ನಕ್ಷೆಯಲ್ಲಿ ಪಿಗ್ಮಿ ಏಜೆಂಟ್: ಬ್ಯಾಂಕ್ ವಿಲೀನಗಳಿಗೆ ಬಿಸಿನೆಸ್ ಆರ್ಕಿಟೆಕ್ಚರ್ ಅನ್ವಯಿಸಿ ಒಂದು ಟಿಪ್ಪಣಿ

ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕಾಗಿಸುವ ನಿರ್ಧಾರವನ್ನು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2019ರ ಆಗಸ್ಟ್ 30ರಂದು ಪ್ರಕಟಿಸಿದರು. ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಎಂಬುದಕ್ಕೆ ಅಂದು ಕೊಟ್ಟ ಕಾರಣಗಳಲ್ಲಿ ಕೋರ್ ಬ್ಯಾಂಕಿಂಗ್ ತಂತ್ರಾಂಶದ ಹೊಂದಾಣಿಕೆಯೂ ಒಂದು. ಯೂನಿಯನ್, ಆಂಧ್ರ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಇನ್ಫೊಸಿಸ್‌ನ ಫಿನಾಕಲ್ ಬಳಸುತ್ತಿದ್ದವು. ಇಂಡಿಯನ್ ಬ್ಯಾಂಕು ಮತ್ತು ಅಲಹಾಬಾದ್ ಬ್ಯಾಂಕು ಟಿಸಿಎಸ್‌ನ ತಂತ್ರಾಂಶದಲ್ಲಿದ್ದವು. ಕೆನರಾ ಮತ್ತು ಸಿಂಡಿಕೇಟ್ ಎರಡೂ ಐ-ಫ್ಲೆಕ್ಸ್ ಕುಟುಂಬದವು. ತಂತ್ರಾಂಶ ಒಂದೇ ಇದ್ದರೆ ಕೂಡಿಕೆ ಸಲೀಸು ಎಂಬುದು ಇದರ ಹಿಂದಿನ ತರ್ಕ.

ಮೊದಲ ಸೋಸುವಿಕೆಗೆ ಈ ತರ್ಕ ಸಾಕು, ಯೋಜನೆಯ ಬುನಾದಿಗೆ ಸಾಲದು. ಒಂದು ಸಂಸ್ಥೆ ತನ್ನನ್ನು ಬುಡಮಟ್ಟದಿಂದ ಬದಲಿಸಿಕೊಳ್ಳಲು ಹೊರಟಾಗ ಮೊದಲು ನಕ್ಷೆಗೆ ಇಳಿಸಬೇಕಾದದ್ದು ಅದಕ್ಕೆ ಏನೇನು ಮಾಡಲು ಬರುತ್ತದೆ ಎಂಬುದನ್ನು. ತಂತ್ರಾಂಶ, ಇಲಾಖೆ, ಹುದ್ದೆಗಳ ಸರದಿ ಆಮೇಲೆ ಬರಬೇಕು. ಬಿಸಿನೆಸ್ ಆರ್ಕಿಟೆಕ್ಚರ್ ಎಂಬ ವಿಧಾನ ಇದನ್ನೇ ಕೇಳುತ್ತದೆ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ವಿಲೀನದ ಬಗ್ಗೆ ಸಾರ್ವಜನಿಕವಾಗಿ ಲಭ್ಯವಿರುವ ಸಂಗತಿಗಳನ್ನು ಈ ವಿಧಾನದ ಕಣ್ಣಿನಿಂದ ಓದುವುದು ಇಲ್ಲಿನ ಉದ್ದೇಶ. ಆ ಬ್ಯಾಂಕುಗಳು ಒಳಗೆ ಹೇಗೆ ಯೋಜಿಸಿದವು ಎಂಬುದರ ಮೇಲೆ ತೀರ್ಪು ಕೊಡುವುದು ಈ ಟಿಪ್ಪಣಿಯ ವ್ಯಾಪ್ತಿಗೆ ಸೇರಿಲ್ಲ.

ವಿಧಾನದ ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಮೈಕೆಲ್ ಪೋರ್ಟರ್ 1985ರಲ್ಲಿ ಕಂಪನಿಯನ್ನು ಮೌಲ್ಯ ಸೇರಿಸುವ ಚಟುವಟಿಕೆಗಳ ಸರಪಳಿಯಾಗಿ ವಿವರಿಸಿದರು. 1987ರಲ್ಲಿ ಐಬಿಎಂನ ಜಾನ್ ಜಾಕ್‌ಮನ್ ಮಾಹಿತಿ ವ್ಯವಸ್ಥೆಗಳನ್ನು ಬೇರೆ ಬೇರೆ ಪಾತ್ರಧಾರಿಗಳ ನೋಟದಿಂದ ಚಿತ್ರಿಸುವ ಚೌಕಟ್ಟನ್ನು ಮುಂದಿಟ್ಟರು. ಮುಂದೆ ಈ ವಿಷಯಕ್ಕೇ ಮೀಸಲಾಗಿ ಹುಟ್ಟಿದ ಬಿಸಿನೆಸ್ ಆರ್ಕಿಟೆಕ್ಚರ್ ಗಿಲ್ಡ್ ತನ್ನ ಕೈಪಿಡಿಯಲ್ಲಿ ನಾಲ್ಕು ಮೂಲ ನಕ್ಷೆಗಳನ್ನು ಗುರುತಿಸುತ್ತದೆ. ಸಾಮರ್ಥ್ಯ, ಮೌಲ್ಯಧಾರೆ, ಮಾಹಿತಿ, ಸಂಘಟನೆ. ಕಾರ್ಯತಂತ್ರ, ಉತ್ಪನ್ನ, ಕಾರ್ಯಯೋಜನೆ, ಪಾಲುದಾರರು ಮುಂತಾದವು ಈ ನಾಲ್ಕರ ಸುತ್ತ ಬರುತ್ತವೆ.

ಇವುಗಳಲ್ಲಿ ಸಾಮರ್ಥ್ಯದ ನಕ್ಷೆಯೇ ಮುಖ್ಯ, ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಅದೇ. ಸಾಮರ್ಥ್ಯವೆಂದರೆ ಸಂಸ್ಥೆ ಏನು ಮಾಡಬಲ್ಲದು ಎಂಬುದು. ಅದನ್ನು ಹೇಗೆ ಮಾಡುತ್ತದೆ ಎಂಬುದು ಕಾರ್ಯವಿಧಾನ, ಯಾರು ಮಾಡುತ್ತಾರೆ ಎಂಬುದು ಸಂಘಟನೆ. ‘ಗ್ರಾಹಕರನ್ನು ಗುರುತಿಸುವುದು’ ಬ್ಯಾಂಕಿನ ಒಂದು ಸಾಮರ್ಥ್ಯ. ಐವತ್ತು ವರ್ಷದ ಹಿಂದೆ ಪರಿಚಯಸ್ಥ ಖಾತೆದಾರರ ಸಹಿಯಿಂದ ಆಗುತ್ತಿದ್ದ ಈ ಕೆಲಸ ಇಂದು ಆಧಾರ್ ಮತ್ತು ಪ್ಯಾನ್‌ನಿಂದ ಆಗುತ್ತದೆ. ವಿಧಾನ ಪೂರ್ತಿ ಬದಲಾಗಿದ್ದರೂ ಸಾಮರ್ಥ್ಯದ ಹೆಸರು ಬದಲಾಗಿಲ್ಲ. ಅದು ಸಾಲ ವಿಭಾಗದಲ್ಲಿ, ಠೇವಣಿ ಕೌಂಟರಿನಲ್ಲಿ, ಲಾಕರ್ ಕೊಡುವಲ್ಲಿ ಹಲವು ಬಾರಿ ಎದುರಾಗುತ್ತದೆ, ನಕ್ಷೆಯಲ್ಲಿ ಮಾತ್ರ ಒಂದೇ ಪೆಟ್ಟಿಗೆ. ಎರಡು ಸಂಸ್ಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಈ ಸ್ಥಿರತೆ ಬೇಕು. ಇಲಾಖೆಗಳ ಹೆಸರು ಒಂದೊಂದು ಬ್ಯಾಂಕಿಗೆ ಒಂದೊಂದು, ಕಾರ್ಯವಿಧಾನ ಶಾಖೆಯಿಂದ ಶಾಖೆಗೇ ಬೇರೆ. ಸಾಮರ್ಥ್ಯದ ಮಟ್ಟದಲ್ಲಿ ಮಾತ್ರ ಹೋಲಿಕೆ ಸಾಧ್ಯ.

ಈಗ ಒಂದು ಸಾಮರ್ಥ್ಯವನ್ನು ಹತ್ತಿರದಿಂದ ನೋಡೋಣ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, ಕೊನೆಗೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದ. ಹೂವಿನವರು, ಮೀನು ಮಾರುವವರು, ನೇಕಾರರು, ಹೋಟೆಲಿನ ಹುಡುಗರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ಖಾತೆದಾರರಾದರು. ‘ಪಿಗ್ಮಿ ಕಟ್ಟುವುದು’ ಕರಾವಳಿಯಲ್ಲೂ ಆಚೆಗೂ ಮನೆಮಾತಾಗಿ, ಸಹಕಾರಿ ಸಂಘಗಳೂ ಇತರ ಬ್ಯಾಂಕುಗಳೂ ಅದನ್ನು ತಮ್ಮದಾಗಿಸಿಕೊಂಡವು.

ಇಲಾಖೆಗಳ ಪಟ್ಟಿಯಲ್ಲಿ ನೋಡಿದರೆ ಪಿಗ್ಮಿ ಎಂಬುದು ಠೇವಣಿ ವಿಭಾಗದ ಒಂದು ಸಣ್ಣ ಉತ್ಪನ್ನ. ತಂತ್ರಾಂಶದಲ್ಲಿ ಅದು ಒಂದು ಪ್ರಾಡಕ್ಟ್ ಕೋಡ್, ಒಂದು ಬಡ್ಡಿ ದರ, ಒಂದು ಅವಧಿ. ನಾಲ್ಕು ನಕ್ಷೆಗಳಲ್ಲಿ ಇಟ್ಟರೆ ಬೇರೆಯೇ ಚಿತ್ರ ಸಿಗುತ್ತದೆ.

ಸಾಮರ್ಥ್ಯದ ನಕ್ಷೆಯಲ್ಲಿ ಅದು ಒಂದೇ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಸಣ್ಣ ಉಳಿತಾಯ ಸಂಗ್ರಹ ಒಂದು. ಶಾಖೆಯ ಹೊರಗೆ ನಗದು ಸ್ವೀಕರಿಸಿ ಲೆಕ್ಕ ಒಪ್ಪಿಸುವುದು ಇನ್ನೊಂದು. ಮೂರನೆಯದು ಎಲ್ಲೂ ಬರೆದಿಟ್ಟಿರದ ಸಾಮರ್ಥ್ಯ: ಗ್ರಾಹಕನ ದಿನದ ಆದಾಯ ಏರಿತೇ ಇಳಿಯಿತೇ ಎಂಬ ಅರಿವು. ದಿನಾ ನೂರು ಕೊಡುತ್ತಿದ್ದ ಅಂಗಡಿಯವರು ಇಪ್ಪತ್ತಕ್ಕೆ ಇಳಿದರೆ ಅದು ಏಜೆಂಟರಿಗೆ ಅಂದೇ ತಿಳಿಯುತ್ತದೆ. ಸಣ್ಣ ಸಾಲ ಕೊಡುವಾಗ ಈ ತಿಳಿವಳಿಕೆಗಿಂತ ಒಳ್ಳೆಯ ಆಧಾರ ಶಾಖೆಯ ಬಳಿ ಇರುವುದು ಅಪರೂಪ. ಹಾಗಾಗಿ ಇದು ಠೇವಣಿ ವಿಭಾಗದ ಆಸ್ತಿಯಾದಷ್ಟೇ ಸಾಲ ವಿಭಾಗದ್ದೂ ಹೌದು. ಇಲಾಖೆಗಳ ನಕ್ಷೆ ಈ ನಂಟನ್ನು ತೋರಿಸಲಾರದು.

ಮೌಲ್ಯಧಾರೆಯೆಂದರೆ ಗ್ರಾಹಕನ ಕಡೆಯಿಂದ ಶುರುವಾಗಿ ಗ್ರಾಹಕನಿಗೆ ಪ್ರಯೋಜನ ತಲುಪುವವರೆಗಿನ ಹಂತಗಳು. ಏಜೆಂಟ್ ಬರುತ್ತಾರೆ, ಹಣ ಎಣಿಸಿಕೊಳ್ಳುತ್ತಾರೆ, ಕೈಯಲ್ಲಿರುವ ಯಂತ್ರದಲ್ಲಿ ಖಾತೆ ಸಂಖ್ಯೆ ಒತ್ತಿ ಮೊತ್ತ ನಮೂದಿಸುತ್ತಾರೆ, ಚೀಟಿ ಹರಿದು ಕೊಡುತ್ತಾರೆ. ಆಮೇಲೆ ಶಾಖೆಗೆ ಹೋಗಿ ನಗದು ಕಟ್ಟುತ್ತಾರೆ, ಯಂತ್ರದ ಮಾಹಿತಿ ಬ್ಯಾಂಕಿನ ವ್ಯವಸ್ಥೆಗೆ ಏರುತ್ತದೆ, ಹಣ ಖಾತೆಗಳಿಗೆ ಜಮೆಯಾಗುತ್ತದೆ, ಏಜೆಂಟರ ಕಮಿಷನ್ ಲೆಕ್ಕವಾಗುತ್ತದೆ. ಖಾತೆದಾರರ ಕೈಯಿಂದ ಹಣ ಹೋದ ಗಳಿಗೆಗೂ ಅದು ಖಾತೆಯಲ್ಲಿ ಕಾಣುವ ಗಳಿಗೆಗೂ ನಡುವೆ ಒಂದು ಅಂತರ ಇದೆ. ಅಷ್ಟು ಹೊತ್ತು ಇಡೀ ವ್ಯವಹಾರ ನಿಂತಿರುವುದು ಚೀಟಿಯ ಮೇಲೆ ಮತ್ತು ಚೀಟಿ ಕೊಟ್ಟ ವ್ಯಕ್ತಿಯ ಮೇಲೆ. ವಿಲೀನದಲ್ಲಿ ಖಾತೆ ಸಂಖ್ಯೆಯ ರೂಪವೋ ಶಾಖೆಯ ಕೋಡೋ ಬದಲಾದರೆ ಮೊದಲು ಪೆಟ್ಟು ಬೀಳಬಹುದಾದ ಜಾಗ ಇದು.

ಮಾಹಿತಿ ನಕ್ಷೆಯ ಪ್ರಶ್ನೆ ಸರಳ: ವಿಲೀನವಾಗುವ ಎರಡೂ ಬ್ಯಾಂಕುಗಳಲ್ಲಿ ‘ಏಜೆಂಟ್’ ಎಂದರೆ ಒಂದೇ ಅರ್ಥವೇ? ಒಂದು ಕಡೆ ಏಜೆಂಟ್ ಸ್ವತಂತ್ರ ದಾಖಲೆಯಾಗಿದ್ದು ಖಾತೆಗಳು ಅವರ ಕೆಳಗೆ ಜೋಡಣೆಯಾಗಿರಬಹುದು. ಇನ್ನೊಂದು ಕಡೆ ಏಜೆಂಟ್ ಎಂಬುದು ಖಾತೆಯ ದಾಖಲೆಯಲ್ಲಿ ಬರೆದಿಟ್ಟ ಬರೀ ಒಂದು ಸಂಖ್ಯೆ ಆಗಿರಬಹುದು. ತಂತ್ರಾಂಶ ಒಂದೇ ಕಂಪನಿಯದಾದರೂ ಇಂಥ ತೀರ್ಮಾನಗಳನ್ನು ಆಯಾ ಬ್ಯಾಂಕೇ ತೆಗೆದುಕೊಂಡಿರುತ್ತದೆ. ಫಿನಾಕಲ್ ಆಗಲಿ ಐ-ಫ್ಲೆಕ್ಸ್‌ನ ಫ್ಲೆಕ್ಸ್‌ಕ್ಯೂಬ್ ಆಗಲಿ, ಅಳವಡಿಸುವಾಗ ಅದರೊಳಗೆ ತುಂಬುವ ನಿಯಮ, ಕೋಡು, ರಿಯಾಯಿತಿಗಳು ಬ್ಯಾಂಕಿನ ಬದುಕಿನಿಂದ ಬಂದವು.

ಸಂಘಟನೆಯ ನಕ್ಷೆಗೆ ಬಂದರೆ ವಿಷಯ ಇನ್ನೂ ಗಂಭೀರ. ಪಿಗ್ಮಿ ಏಜೆಂಟರು ಬ್ಯಾಂಕಿನ ಯಾರು? ಈ ಪ್ರಶ್ನೆ ದಶಕಗಳ ಕಾಲ ವ್ಯಾಜ್ಯವಾಗಿ ನಡೆದು, ಭಾರತೀಯ ಬ್ಯಾಂಕುಗಳ ಸಂಘ ಮತ್ತು ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರ ನಡುವಿನ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅವರು ಪಡೆಯುವ ಕಮಿಷನ್ ವೇತನವೇ ಹೌದು, ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅವರು ಕಾರ್ಮಿಕರೇ ಹೌದು, ಆದರೆ ಬ್ಯಾಂಕಿನ ಕಾಯಂ ನೌಕರರಲ್ಲ ಎಂಬುದು ಅದರ ಸಾರ. ಎಂದರೆ ಹಲವು ತಲೆಮಾರುಗಳಿಂದ ಬ್ಯಾಂಕಿನ ಅತ್ಯಂತ ವಿಶಿಷ್ಟ ಸಾಮರ್ಥ್ಯವನ್ನು ಹೊತ್ತು ತಿರುಗಿದವರು ಅದರ ಹುದ್ದೆಗಳ ಪಟ್ಟಿಯಲ್ಲಿ ಕಾಯಂ ಸ್ಥಾನ ಇಲ್ಲದವರು. ಹುದ್ದೆಗಳ ಪಟ್ಟಿಯನ್ನೇ ಮೇಜಿನ ಮೇಲೆ ಹರಡಿಕೊಂಡು ವಿಲೀನ ಯೋಜಿಸುವವರ ಕಣ್ಣಿಗೆ ಇವರು ಬೀಳುವುದಿಲ್ಲ. ಸಾಮರ್ಥ್ಯದಿಂದ ಶುರುಮಾಡಿ, ‘ಇದನ್ನು ಯಾರು ಮಾಡುತ್ತಾರೆ’ ಎಂದು ಕೇಳುತ್ತ ಬಂದವರಿಗೆ ಇವರು ಎದುರಾಗಲೇಬೇಕು. ನನ್ನ ಮಟ್ಟಿಗೆ ಈ ವಿಧಾನದ ಪರವಾದ ಅತಿ ದೊಡ್ಡ ವಾದ ಇದೇ.

ಸಾಮರ್ಥ್ಯಗಳು ಸಂಸ್ಥೆಯ ಗಡಿಯನ್ನೂ ದಾಟುತ್ತವೆ ಎಂಬುದಕ್ಕೆ ಇದೇ ಎರಡು ಬ್ಯಾಂಕುಗಳಲ್ಲಿ ಇನ್ನೊಂದು ಉದಾಹರಣೆ ಇದೆ. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ ಕಟ್ಟಿದ್ದು. ಗ್ರಾಮೀಣ ನಿರುದ್ಯೋಗಿಗಳಿಗೆ ಸ್ವಉದ್ಯೋಗದ ತರಬೇತಿ ಕೊಟ್ಟು ಸಾಲದ ದಾರಿಗೆ ಹತ್ತಿಸುವ ಈ ಮಾದರಿ ಮುಂದೆ ಆರ್‌ಸೆಟಿ ಹೆಸರಿನಲ್ಲಿ ದೇಶದ ಜಿಲ್ಲೆ ಜಿಲ್ಲೆಗೆ ಹೋಯಿತು. ಹೀಗೆ, ಕಾನೂನಿನ ಪ್ರಕಾರ 2020ರ ಏಪ್ರಿಲ್ 1ರಂದು ಒಂದಾದ ಎರಡು ಬ್ಯಾಂಕುಗಳು ‘ಹೊಸ ಉದ್ಯಮಿಯನ್ನು ತಯಾರು ಮಾಡುವ’ ಸಾಮರ್ಥ್ಯದ ಮಟ್ಟಿಗೆ ಮೂವತ್ತೇಳು–ಮೂವತ್ತೆಂಟು ವರ್ಷ ಮೊದಲೇ ಕೈಜೋಡಿಸಿದ್ದವು. ಎಲ್ಲಿ ಹೊಸದಾಗಿ ಬೆಸೆಯಬೇಕು, ಎಲ್ಲಿ ಇರುವ ಬೆಸುಗೆಯನ್ನು ಮುಟ್ಟದೆ ಬಿಡಬೇಕು ಎಂದು ಬೇರ್ಪಡಿಸಲು ಇಂಥ ವಿವರ ಬೇಕು.

ತಂತ್ರಾಂಶದ ಸಾಮ್ಯ ಎಷ್ಟು ದೂರ ಒಯ್ಯುತ್ತದೆ ಎಂಬುದನ್ನು ಅಳೆಯಲು ಕರ್ನಾಟಕದ್ದೇ ಎರಡು ವಿಲೀನಗಳನ್ನು ಎದುರುಬದುರು ಇಡಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಎರಡರ ತಂತ್ರಾಂಶ ಒಂದೇ, ಖಾತೆಗಳ ಮಾಹಿತಿಯ ಕೂಡಿಕೆ ಕೆಲವೇ ತಿಂಗಳಲ್ಲಿ ಮುಗಿಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ದೇನಾ ಬ್ಯಾಂಕಿನ ಜೊತೆಗೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮೂರೂ ಫಿನಾಕಲ್ ಬಳಸುವವೇ. ಆದರೂ ವಿಜಯಾದ 2,128 ಮತ್ತು ದೇನಾದ 1,770, ಒಟ್ಟು 3,898 ಶಾಖೆಗಳ ಕೂಡಿಕೆ ಪೂರ್ಣವಾದದ್ದು 2020ರ ಡಿಸೆಂಬರಿನಲ್ಲಿ. ಹೆಚ್ಚುಕಡಿಮೆ ಇಪ್ಪತ್ತು ತಿಂಗಳು.

ಈ ಹೋಲಿಕೆಯಿಂದ ಆತುರದ ತೀರ್ಮಾನಕ್ಕೆ ಬರಬಾರದು. ಎರಡನೆಯದರ ನಡುವೆ ಕೋವಿಡ್ ಬಂತು, ಸೇರಿಸಿಕೊಂಡ ಬ್ಯಾಂಕಿನ ಗಾತ್ರವೂ ಬೇರೆ. ಅಷ್ಟು ಕಳೆದ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 1960ರಿಂದಲೇ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿತ್ತು. ಅರ್ಧ ಶತಮಾನಕ್ಕೂ ಮಿಕ್ಕಿ ಅದರ ಉತ್ಪನ್ನಗಳು, ಲೆಕ್ಕದ ಪದ್ಧತಿ, ಅಧಿಕಾರ ಹಂಚಿಕೆ, ಫಾರಂಗಳು ತಾಯಿ ಬ್ಯಾಂಕಿನ ಅಚ್ಚಿನಲ್ಲೇ ಬೆಳೆದವು. ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟಿಯವರ ನೇತೃತ್ವದಲ್ಲಿ ಹುಟ್ಟಿ ತನ್ನದೇ ದಾರಿಯಲ್ಲಿ ಬೆಳೆದದ್ದು. ಬರೋಡಾದ ಸಂಪ್ರದಾಯಕ್ಕೂ ಅದಕ್ಕೂ ಹಳೆಯ ನಂಟಿಲ್ಲ. ಮೊದಲ ವಿಲೀನದಲ್ಲಿ ತಂತ್ರಾಂಶದ ಕೆಳಗಿನ ವ್ಯವಹಾರದ ಕಟ್ಟಡವೇ ಬಹುಪಾಲು ಒಂದಾಗಿತ್ತು, ಎರಡನೆಯದರಲ್ಲಿ ಒಂದಾಗಿದ್ದದ್ದು ಮೇಲಿನ ಪದರ. ಕಾಲದ ಅಂತರಕ್ಕೆ ಇದು ಏಕೈಕ ಕಾರಣ ಎನ್ನಲಾರೆ, ಗಣನೆಗೆ ಬರಲೇಬೇಕಾದ ಕಾರಣ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಕ್ಷೆ ಕೈಗೆ ಬಂದ ಮೇಲೆ ಯೋಜನೆ ಹೇಗೆ ಹುಟ್ಟುತ್ತದೆ? ಎಂಐಟಿಯ ಜೀನ್ ರಾಸ್ ಮತ್ತು ಪೀಟರ್ ವೀಲ್ ಅವರು ಡೇವಿಡ್ ರಾಬರ್ಟ್‌ಸನ್ ಜೊತೆ ಸೇರಿ 2006ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಂಪನಿಗಳು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ಕೆಲಸದ ವಿಧಾನ ಎಲ್ಲ ಕಡೆ ಎಷ್ಟು ಏಕರೂಪವಾಗಿರಬೇಕು? ಘಟಕಗಳ ಮಾಹಿತಿ ಪರಸ್ಪರ ಎಷ್ಟು ಹೆಣೆದುಕೊಂಡಿರಬೇಕು? ಎರಡಕ್ಕೂ ‘ಹೆಚ್ಚು’ ಎಂದರೆ ಸಂಪೂರ್ಣ ಏಕೀಕರಣ, ಎರಡಕ್ಕೂ ‘ಕಡಿಮೆ’ ಎಂದರೆ ತಮ್ಮ ತಮ್ಮ ಪಾಡಿಗೆ ನಡೆಯುವ ಘಟಕಗಳು, ನಡುವೆ ಇನ್ನೆರಡು ಮಾದರಿ. ಬ್ಯಾಂಕ್ ವಿಲೀನವೆಂದರೆ ಸಹಜವಾಗಿ ಸಂಪೂರ್ಣ ಏಕೀಕರಣ ಎಂದು ಭಾವಿಸಲಾಗುತ್ತದೆ. ಇಲ್ಲಿ ನನ್ನದೊಂದು ತಕರಾರಿದೆ. ಈ ಪ್ರಶ್ನೆಗಳನ್ನು ಇಡೀ ಸಂಸ್ಥೆಗೆ ಒಮ್ಮೆ ಕೇಳಿದರೆ ಸಾಲದು, ಒಂದೊಂದು ಸಾಮರ್ಥ್ಯಕ್ಕೂ ಕೇಳಬೇಕು. ಖಜಾನೆ ನಿರ್ವಹಣೆ, ಅಕ್ರಮ ಹಣ ತಡೆ, ಗ್ರಾಹಕರ ಗುರುತು ಇವು ಎರಡೂ ಅಕ್ಷಗಳಲ್ಲಿ ಮೇಲಿರಲೇಬೇಕು. ಪಿಗ್ಮಿ ಸಂಗ್ರಹದಲ್ಲಿ ಮಾಹಿತಿ ಅದೇ ದಿನ ಕೇಂದ್ರ ವ್ಯವಸ್ಥೆಗೆ ಬರಬೇಕು, ಅಲ್ಲಿ ರಾಜಿ ಇಲ್ಲ. ಆದರೆ ಏಜೆಂಟ್ ಯಾವ ಬೀದಿಗೆ ಎಷ್ಟು ಹೊತ್ತಿಗೆ ಹೋಗಬೇಕು, ಕನಿಷ್ಠ ಮೊತ್ತ ಎಷ್ಟಿರಬೇಕು ಎಂಬುದು ಮಲ್ಪೆಯ ಬಂದರಿಗೂ ಹುಬ್ಬಳ್ಳಿಯ ದುರ್ಗದಬೈಲಿಗೂ ಒಂದೇ ಆಗಬೇಕಿಲ್ಲ. ಎಲ್ಲವನ್ನೂ ಏಕರೂಪಕ್ಕೆ ತರುವ ಉತ್ಸಾಹದಲ್ಲಿ ಇಂಥ ಸಾಮರ್ಥ್ಯ ಯಾರ ಆದೇಶವೂ ಇಲ್ಲದೆ ಸಣ್ಣಗಾಗುತ್ತ ಹೋಗಬಹುದು.

ಪ್ರತಿ ಸಾಮರ್ಥ್ಯದ ಎದುರು ಇಂದಿನ ಸ್ಥಿತಿ, ಬೇಕಾದ ಸ್ಥಿತಿ, ಎರಡರ ಅಂತರ ಬರೆದ ಮೇಲೆ ಸರದಿ ಕಟ್ಟುವ ಕೆಲಸ. ಯಾವುದು ಯಾವುದರ ಮೇಲೆ ನಿಂತಿದೆ ಎಂಬುದೇ ಸರದಿಯ ಆಧಾರ, ಯಾವ ಇಲಾಖೆ ಮೊದಲು ತಯಾರಾಯಿತು ಎಂಬುದು ಆಗಬಾರದು. ಇದಕ್ಕೆ ಒಳ್ಳೆಯ ಉದಾಹರಣೆ ಹಣ ವರ್ಗಾವಣೆಗೆ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡು. ಸಿಂಡಿಕೇಟ್ ಬ್ಯಾಂಕಿನ ಎಸ್‌ವೈಎನ್‌ಬಿಯಿಂದ ಶುರುವಾಗುವ ಕೋಡುಗಳು 2021ರ ಜುಲೈ 1ರಿಂದ ನಿಂತುಹೋದವು. ಅವುಗಳ ಜಾಗಕ್ಕೆ ಸಿಎನ್‌ಆರ್‌ಬಿಯಿಂದ ಶುರುವಾಗುವ ಕೋಡು ಬಂತು, ಹಳೆಯ ಶಾಖಾ ಸಂಖ್ಯೆಗೆ 10000 ಕೂಡಿಸುವುದು ಸೂತ್ರ. ವಿಜಯಾದ ಶಾಖೆಗಳಿಗೆ ಬರೋಡಾ ಬ್ಯಾಂಕು ತನ್ನ ಬಿಎಆರ್‌ಬಿ ಕೋಡಿನೊಳಗೆ ವಿಜೆ ಎಂಬ ಎರಡು ಅಕ್ಷರ ಸೇರಿಸಿತು, ಹಳೆಯ ಕೋಡು 2021ರ ಮಾರ್ಚ್ 1ರಿಂದ ರದ್ದಾಯಿತು. ಎರಡೂ ಜಾಣ ಸೂತ್ರಗಳು. ಹೊಸ ಸಂಖ್ಯೆ ಹಳೆಯದಕ್ಕೆ ಡಿಕ್ಕಿ ಹೊಡೆಯುವುದಿಲ್ಲ, ಸಿಬ್ಬಂದಿಗೂ ನೆನಪಿಡಲು ಸುಲಭ.

ಬ್ಯಾಂಕಿನೊಳಗೆ ಇದು ಒಂದು ಕೋಷ್ಟಕದ ತಿದ್ದುಪಡಿ. ಹೊರಗೆ ನೋಡಿ. ಸಂಬಳ ಹಾಕುವ ಸಾವಿರಾರು ಕಚೇರಿಗಳ ಪಟ್ಟಿಯಲ್ಲಿ, ವಿಮಾ ಕಂತು ಕಡಿತಗೊಳ್ಳುವ ಆದೇಶದಲ್ಲಿ, ಹಾಲಿನ ಡೇರಿಯ ಬಟವಾಡೆಯಲ್ಲಿ, ದುಬೈಯಿಂದಲೋ ಮಸ್ಕತ್‌ನಿಂದಲೋ ಮಗ ಹಣ ಕಳಿಸಲು ಉಳಿಸಿಟ್ಟುಕೊಂಡ ವಿಳಾಸದಲ್ಲಿ ಹಳೆಯ ಕೋಡೇ ಕೂತಿರುತ್ತದೆ. ಇವರಲ್ಲಿ ಯಾರೂ ಬ್ಯಾಂಕಿನ ನೌಕರರಲ್ಲ, ಬ್ಯಾಂಕಿನ ಆದೇಶ ಇವರ ಮೇಲೆ ನಡೆಯದು. ವಿಲೀನದ ದಿನದಿಂದ ಹಳೆಯ ಕೋಡು ನಿಲ್ಲುವವರೆಗೆ ಸಿಂಡಿಕೇಟ್ ಗ್ರಾಹಕರಿಗೆ ಸಿಕ್ಕ ಹದಿನೈದು ತಿಂಗಳ ಅವಧಿ ಈ ಹೊರಗಿನ ಬದಲಾವಣೆಗೂ ಬೇಕಾದ ಕಾಲ. ಮೌಲ್ಯಧಾರೆಯನ್ನು ಗ್ರಾಹಕನ ಕಡೆಯಿಂದ ಬಿಡಿಸಿದವರಿಗೆ ಇದರ ಉದ್ದ ಮೊದಲೇ ಗೊತ್ತಾಗುತ್ತದೆ. ಶಾಖೆಗಳ ಪಟ್ಟಿಯಿಂದ ಹೊರಟವರಿಗೆ ಅದು ಕೊನೆಗೆ, ದೂರುಗಳ ರೂಪದಲ್ಲಿ, ತಿಳಿಯುತ್ತದೆ.

ವಿಧಾನದ ದೌರ್ಬಲ್ಯಗಳನ್ನೂ ಹೇಳಬೇಕು. ಸಾಮರ್ಥ್ಯಗಳನ್ನು ಮೂರ್ನಾಲ್ಕು ಹಂತಕ್ಕಿಂತ ಕೆಳಗೆ ಒಡೆಯುತ್ತ ಹೋದರೆ ನೂರಾರು ಪೆಟ್ಟಿಗೆಗಳಾಗಿ, ನಕ್ಷೆ ಬರೆಯುವುದೇ ಕೆಲಸವಾಗುತ್ತದೆ. ಪೆಟ್ಟಿಗೆಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚುವಾಗ ಕೇಂದ್ರ ಕಚೇರಿಯ ಅಭಿಪ್ರಾಯವೇ ಅಳತೆಯಾಗಿಬಿಡುವ ಅಪಾಯವಿದೆ. ಮೇಲೆ ಹೇಳಿದ ಮೂರನೆಯ ಸಾಮರ್ಥ್ಯವನ್ನೇ ನೆನೆಯಿರಿ: ಅಂಗಡಿಯ ಆದಾಯ ಇಳಿಯಿತೆಂಬ ಏಜೆಂಟರ ಅರಿವು ಯಾವ ಸಿದ್ಧಮಾದರಿಯ ಪಟ್ಟಿಯಲ್ಲೂ ಇರುವುದಿಲ್ಲ. ಬ್ಯಾಂಕಿಂಗ್ ಉದ್ಯಮಕ್ಕೆಂದು ತಯಾರಾಗಿ ಸಿಗುವ ಸಾಮರ್ಥ್ಯ ನಕ್ಷೆಗಳನ್ನು ಕೊಂಡು ತಂದು ಗೋಡೆಗೆ ಅಂಟಿಸಿದರೆ ಎಲ್ಲ ಬ್ಯಾಂಕುಗಳೂ ಒಂದೇ ತರ ಕಾಣುತ್ತವೆ, ಯಾವ ಬ್ಯಾಂಕಿಗೆ ಏನು ವಿಶಿಷ್ಟವೋ ಅದೇ ಅಳಿಸಿಹೋಗುತ್ತದೆ. ಸಿದ್ಧ ನಕ್ಷೆಯಿಂದ ಶುರುಮಾಡುವುದರಲ್ಲಿ ತಪ್ಪಿಲ್ಲ. ಶಾಖೆಗೆ ಹೋಗಿ, ಸಂಜೆ ಏಜೆಂಟರು ನಗದು ಕಟ್ಟುವ ಹೊತ್ತಿಗೆ ಕೂತು ಅದನ್ನು ತಿದ್ದಬೇಕು.

ಇದು ಮುಗಿದುಹೋದ ಕಾಲದ ಚರ್ಚೆಯೂ ಅಲ್ಲ. 2025ರ ಮೇ 1ರಂದು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕು ಮತ್ತು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಒಂದಾದವು, ರಾಜ್ಯಕ್ಕೊಂದೇ ಗ್ರಾಮೀಣ ಬ್ಯಾಂಕು ಎಂಬ ಕೇಂದ್ರದ ನೀತಿಯಂತೆ. ಬಳ್ಳಾರಿಯದು ಸ್ವತಃ 2019ರಲ್ಲಿ ಕೆನರಾ ಪ್ರಾಯೋಜಿತ ಪ್ರಗತಿ ಕೃಷ್ಣಾ ಮತ್ತು ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕುಗಳು ಕೂಡಿ ಆದದ್ದು. ಧಾರವಾಡದ ಬ್ಯಾಂಕಿನ ಪ್ರಾಯೋಜಕರು ಮೊದಲು ಸಿಂಡಿಕೇಟ್, 2020ರ ನಂತರ ಕೆನರಾ. ಹೀಗೆ ಒಂದು ವಿಲೀನ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟು, ಬೇರೆ ಬೇರೆ ಪ್ರಾಯೋಜಕರ ನೆರಳಿನಲ್ಲಿ ಬೆಳೆದ ಪದ್ಧತಿಗಳು ಇಂದು ಒಂದೇ ಸೂರಿನಡಿ ಇವೆ. ಬೆಳೆಸಾಲದ ಮೌಲ್ಯಧಾರೆಯನ್ನು ರೈತರ ಅರ್ಜಿಯಿಂದ ಮರುಪಾವತಿವರೆಗೆ ಹಳೆಯ ಮೂರೂ ಪ್ರದೇಶಗಳಲ್ಲಿ ಪ್ರತ್ಯೇಕವಾಗಿ ಬಿಡಿಸಿ, ಯಾವ ಹಂತದಲ್ಲಿ ಯಾರ ಸ್ಥಳೀಯ ತಿಳಿವಳಿಕೆ ಕೆಲಸ ಮಾಡುತ್ತಿದೆ ಎಂದು ಗುರುತಿಸುವ ಅಧ್ಯಯನ ಈಗಲೇ ನಡೆಯಬೇಕು. ಹಳೆಯ ಮೂರು ಬ್ಯಾಂಕುಗಳಲ್ಲೂ ದುಡಿದ ಫೀಲ್ಡ್ ಅಧಿಕಾರಿಗಳು ಇನ್ನೂ ಸೇವೆಯಲ್ಲಿದ್ದಾರೆ. ಆ ನಕ್ಷೆಯನ್ನು ಅವರಿಂದ ಬರೆಸಿಕೊಳ್ಳಲು ಸಾಧ್ಯವಿರುವುದು ಅವರು ನಿವೃತ್ತರಾಗುವವರೆಗೆ ಮಾತ್ರ.